ಪದೇ ಪದೇ ಕಡಿಯುವ ಬ್ರಾಡ್‌ಬ್ಯಾಂಡ್: ದೋಷ ಮನೆಯೊಳಗೋ, ಕಂಬದಲ್ಲೋ?

ಫೈಬರ್ ಇನ್ನೂ ತಲುಪದ ಕೆಲವು ಮನೆಗಳಿಗೆ ಇಂಟರ್ನೆಟ್ ಬರುವುದು ದೂರವಾಣಿಯ ತಾಮ್ರದ ತಂತಿಯ ಮೂಲಕ. ಇಂಥ ಡಿಎಸ್‌ಎಲ್ ಸಂಪರ್ಕ ಪೂರ್ತಿ ನಿಂತುಹೋದರೆ ದೋಷವನ್ನು ಹುಡುಕುವುದು ಸುಲಭ. ಬಂದು ಹೋಗಿ ಮಾಡುವ ಸಂಪರ್ಕವೇ ಹೆಚ್ಚು ಕಾಡುತ್ತದೆ, ಏಕೆಂದರೆ ಲೈನ್‌ಮ್ಯಾನ್ ಬಂದು ನೋಡುವ ಹೊತ್ತಿಗೆ ಅದು ಸರಿಯಾಗಿಯೇ ಇರುತ್ತದೆ. ಆದ್ದರಿಂದ ದೂರು ಕೊಡುವ ಮುನ್ನ ದೋಷ ಯಾವ ಭಾಗದಲ್ಲಿದೆ ಎಂಬುದನ್ನು ಮನೆಯವರೇ ಗುರುತಿಸಿಟ್ಟುಕೊಳ್ಳುವುದು ಒಳ್ಳೆಯದು.

ಸಂಪರ್ಕ ಕಡಿದ ಕೂಡಲೇ ಮೋಡೆಮ್‌ನ ದೀಪಗಳನ್ನು ಗಮನಿಸಿ. ‘ಡಿಎಸ್‌ಎಲ್’ ಅಥವಾ ‘ಲಿಂಕ್’ ದೀಪ ಮಿನುಗತೊಡಗಿದ್ದರೆ ಮೋಡೆಮ್ ಮತ್ತು ಎಕ್ಸ್‌ಚೇಂಜಿನ ನಡುವಿನ ಕೊಂಡಿಯೇ ತಪ್ಪಿದೆ ಎಂದರ್ಥ. ಅದು ಸ್ಥಿರವಾಗಿ ಉರಿಯುತ್ತಿದ್ದು ‘ಇಂಟರ್ನೆಟ್’ ದೀಪ ಮಾತ್ರ ಆರಿದ್ದರೆ ಅಥವಾ ಕೆಂಪಾಗಿದ್ದರೆ, ತೊಂದರೆ ಲಾಗಿನ್, ಬಾಕಿ ಬಿಲ್ ಅಥವಾ ಕಂಪನಿಯ ಸರ್ವರ್‌ಗೆ ಸಂಬಂಧಿಸಿರಬಹುದು. ಎರಡೂ ದೀಪ ಸರಿಯಿದ್ದು ಮೊಬೈಲ್‌ನಲ್ಲಿ ಏನೂ ತೆರೆಯದಿದ್ದರೆ ವೈಫೈಯನ್ನು ಅನುಮಾನಿಸಿ, ಕಂಪ್ಯೂಟರನ್ನು ಲ್ಯಾನ್ ಕೇಬಲ್‌ನಿಂದ ಜೋಡಿಸಿ ಪರೀಕ್ಷಿಸಬೇಕು. ಈ ಹಂತದಲ್ಲಿ ಅನೇಕರು ಮೋಡೆಮ್‌ನ ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ರೀಸೆಟ್ ಮಾಡಿಬಿಡುತ್ತಾರೆ. ಅದರಿಂದ ಬಳಕೆದಾರರ ಹೆಸರು, ಪಾಸ್‌ವರ್ಡ್ ಸೇರಿದಂತೆ ಎಲ್ಲ ಹೊಂದಾಣಿಕೆಗಳೂ ಅಳಿಸಿಹೋಗಿ, ಇದ್ದ ತೊಂದರೆಯ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ.

ದೋಷ ತಂತಿಯದೆಂದು ಕಂಡರೆ ಮೊದಲು ಮನೆಯೊಳಗಿನ ವೈರಿಂಗ್ ನೋಡಬೇಕು. ಮಾತು ಸುಮಾರು 4 ಕಿಲೋಹರ್ಟ್ಸ್‌ನೊಳಗೆ ಹರಿದರೆ, ಎಡಿಎಸ್‌ಎಲ್2 ಪ್ಲಸ್ ಎಂಬ ಡಿಎಸ್‌ಎಲ್ ಬಗೆ ಅದೇ ತಂತಿಯಲ್ಲಿ 2.2 ಮೆಗಾಹರ್ಟ್ಸ್‌ವರೆಗೂ ಬಳಸುತ್ತದೆ. ಇವೆರಡನ್ನೂ ಬೇರ್ಪಡಿಸುವುದು ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ. ಮಲಗುವ ಕೋಣೆಗೆಂದು ಯಾವಾಗಲೋ ಎಳೆದ ಪ್ಯಾರಲಲ್ ಫೋನಿನ ತಂತಿ ಸ್ಪ್ಲಿಟರ್‌ಗಿಂತ ಮೊದಲೇ ಕವಲೊಡೆದಿದ್ದರೆ ತೊಂದರೆ ಖಂಡಿತ. ಮೊಬೈಲ್‌ನಿಂದ ಮನೆಯ ಫೋನಿಗೆ ಕರೆ ಮಾಡಿ. ರಿಂಗಾದೊಡನೆ ಇಂಟರ್ನೆಟ್ ಕಡಿದರೆ ಸ್ಪ್ಲಿಟರ್ ಕೆಟ್ಟಿದೆ ಅಥವಾ ಒಂದು ಫೋನಿನ ತಂತಿ ಅದರ ಮೂಲಕ ಹಾದು ಬರುತ್ತಿಲ್ಲ. ನಂತರ ಎಲ್ಲ ಫೋನುಗಳನ್ನೂ ಕಳಚಿ, ಹೊರಗಿನ ತಂತಿ ಬಂದು ಸೇರುವ ರೋಸೆಟ್ ಪೆಟ್ಟಿಗೆಗೆ ಮೋಡೆಮ್ ಒಂದನ್ನೇ ಚಿಕ್ಕ ತಂತಿಯಿಂದ ಜೋಡಿಸಿ ಒಂದು ದಿನ ಬಿಡಿ. ಆಗ ಸಂಪರ್ಕ ಕಡಿಯದೆ ಉಳಿದರೆ ದೋಷ ಮನೆಯೊಳಗಿನದು. ಹಳೆಯ ಅಡಾಪ್ಟರನ್ನೂ ಅಷ್ಟೇ ವೋಲ್ಟಿನ ಬೇರೊಂದರಿಂದ ಬದಲಿಸಿ ನೋಡಬಹುದು.

ಆಗಲೂ ಕಡಿಯುತ್ತಿದ್ದರೆ ಬ್ರೌಸರ್‌ನಲ್ಲಿ ಸಾಮಾನ್ಯವಾಗಿ 192.168.1.1 ಎಂಬ ವಿಳಾಸದಲ್ಲಿ ಸಿಗುವ ಮೋಡೆಮ್ ಪುಟವನ್ನು ತೆರೆದು, ‘ಎಸ್‌ಎನ್‌ಆರ್ ಮಾರ್ಜಿನ್’ (ಗದ್ದಲವನ್ನು ಮೀರಿ ಸಿಗ್ನಲ್‌ಗೆ ಉಳಿದಿರುವ ಅಂತರ) ಮತ್ತು ‘ಅಟೆನ್ಯುಯೇಶನ್’ (ತಂತಿಯಲ್ಲಿ ಬರುತ್ತಾ ಸಿಗ್ನಲ್ ಕುಗ್ಗಿದ ಪ್ರಮಾಣ) ಅಂಕಿಗಳನ್ನು ಬೆಳಿಗ್ಗೆ, ರಾತ್ರಿ ಮತ್ತು ಮಳೆ ಬರುವಾಗ ಬರೆದಿಟ್ಟುಕೊಳ್ಳಿ. ಮೊದಲನೆಯದು 6 ಡೆಸಿಬಲ್‌ಗಿಂತ ಕೆಳಗಿಳಿದರೆ ಸಂಪರ್ಕ ಕಡಿಯದೆ ಉಳಿಯುವುದು ಕಷ್ಟ. ಎರಡನೆಯದು ಮುಖ್ಯವಾಗಿ ಎಕ್ಸ್‌ಚೇಂಜಿನಿಂದ ಇರುವ ದೂರವನ್ನು ಸೂಚಿಸುವುದರಿಂದ ದಿನದಿಂದ ದಿನಕ್ಕೆ ಹೆಚ್ಚು ಬದಲಾಗಬಾರದು. ಅದು ಸ್ಥಿರವಾಗಿದ್ದು ಮಾರ್ಜಿನ್ ಮಾತ್ರ ನಿರ್ದಿಷ್ಟ ಹೊತ್ತಿನಲ್ಲಿ ಕುಸಿಯುತ್ತಿದ್ದರೆ ಇನ್ವರ್ಟರ್, ಅಗ್ಗದ ಚಾರ್ಜರ್ ಅಥವಾ ಎಲ್‌ಇಡಿ ದೀಪದ ವಿದ್ಯುತ್ ಗದ್ದಲವನ್ನು ಶಂಕಿಸಬೇಕು. ಇದನ್ನು ಹಿಡಿಯಲು ಹಳೆಯ ಮೀಡಿಯಂ ವೇವ್ ರೇಡಿಯೋ ಸಾಕು. ಅದು ಹಿಡಿಯುವ ತರಂಗಗಳು, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಕೂಡ, ಡಿಎಸ್‌ಎಲ್ ಬಳಸುವ ವ್ಯಾಪ್ತಿಯೊಳಗೇ ಇವೆ. ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳನ್ನು ತಿರುಗಿಸಿ ಮನೆಯಲ್ಲಿ ಓಡಾಡಿದರೆ, ಗೊರಗೊರ ಸದ್ದು ಎಲ್ಲಿ ಜೋರಾಗುತ್ತದೆಯೋ ಅಲ್ಲಿದೆ ಕಿರುಕುಳದ ಮೂಲ.

ಅಟೆನ್ಯುಯೇಶನ್ನೇ ಏರಿಳಿಯುತ್ತಿದ್ದರೆ ಬಹುಮಟ್ಟಿಗೆ ಎಲ್ಲೋ ಒಂದು ಜಾಯಿಂಟ್ ಕೆಟ್ಟಿದೆ. ಕಂಬದಿಂದ ಸೂರಿಗೆ ಬರುವ ತಂತಿ ಒಮ್ಮೆ ತುಂಡಾದಾಗ ಎರಡು ತುದಿಗಳನ್ನು ಹೊಸೆದು ಟೇಪು ಸುತ್ತಿರುತ್ತಾರೆ. ಬಿಸಿಲಿಗೆ ಟೇಪಿನ ಅಂಟು ಬಿಟ್ಟು, ಮಳೆನೀರು ಒಳಗಿಳಿದು, ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಫೋನೆತ್ತಿ ಒಂದು ಅಂಕಿ ಒತ್ತಿ, ಡಯಲ್ ಟೋನ್ ನಿಂತ ಮೌನದಲ್ಲಿ ಕಿವಿಗೊಟ್ಟರೆ ಕರಕರ ಸದ್ದು ಕೇಳುತ್ತದೆ. ಫೋನೆತ್ತಿ ಇಟ್ಟುಕೊಂಡಿರುವಷ್ಟು ಹೊತ್ತು ಇಂಟರ್ನೆಟ್ ಚೆನ್ನಾಗಿದ್ದು, ಕೆಳಗಿಟ್ಟೊಡನೆ ಕಡಿಯುವುದು ಇನ್ನೂ ಸ್ಪಷ್ಟವಾದ ಲಕ್ಷಣ: ಕರೆಯ ವೇಳೆ ಹರಿಯುವ ವಿದ್ಯುತ್ತು ಕಿಲುಬು ಹಿಡಿದ ಜಾಯಿಂಟನ್ನು ತಾತ್ಕಾಲಿಕವಾಗಿ ಕೂಡಿಸಿರುತ್ತದೆ. ಇದನ್ನು ಸರಿಪಡಿಸಲು ಸ್ವತಃ ಕಂಬ ಹತ್ತಬೇಡಿ. ಪಕ್ಕದಲ್ಲೇ ವಿದ್ಯುತ್ ತಂತಿಗಳಿರುತ್ತವೆ.

ದೂರು ಕೊಡುವಾಗ ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಬರೆದಿಟ್ಟ ಅಂಕಿಗಳನ್ನೂ ಹೊತ್ತನ್ನೂ ತಿಳಿಸಿ, ದೂರಿನ ಸಂಖ್ಯೆಯನ್ನು ಪಡೆದು, ಮನೆಯವರೆಗಿನ ಜಾಯಿಂಟ್‌ಗಳನ್ನು ಹೊಸದಾಗಿ ಹಾಕಲು ಅಥವಾ ಬೀದಿಯ ತಂತಿಗಳು ಮನೆಗಳಿಗೆ ಕವಲೊಡೆಯುವ ಡಿಪಿ ಬಾಕ್ಸ್‌ನಲ್ಲಿ ಖಾಲಿಯಿರುವ ಬೇರೆ ಜೋಡಿ ತಂತಿಗೆ ಬದಲಿಸಲು ಕೇಳಿ. ತಂತಿ ಉದ್ದವಾಗಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ವೇಗದ ಮಿತಿಯನ್ನು ಒಂದು ಹಂತ ಇಳಿಸಿಕೊಡುವಂತೆ ಕೋರಬಹುದು; ಆಗ ಮಾರ್ಜಿನ್ ಏರುತ್ತದೆ, ಡೌನ್‌ಲೋಡ್ ನಿಧಾನವಾದರೂ ವಿಡಿಯೋ ಕರೆ ನಡುವೆ ಕಡಿಯುವುದು ಕಡಿಮೆಯಾಗುತ್ತದೆ.