ಆಶ್ರಮದಿಂದ ಹೊರಬಂದವರಿಗೆ ಮೊದಲು ಬೇಕಾದದ್ದು ಒಂದು ದಿನಾಂಕ

ಅಂಬೆಗಾಲಿಡುವ ವಯಸ್ಸಿನಿಂದ ಆಶ್ರಮದೊಳಗೇ ಬೆಳೆದು, ಇಪ್ಪತ್ತು ದಾಟಿದ ಮೇಲೆ ಹೊರಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಳಗೆ ಏನೇನಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನಿಮಗೂ ಗೊತ್ತು. ನನಗಿಂತ ಮುಂಚೆ ಹೊರಬಂದವರೆಲ್ಲ ಹೇಳುತ್ತಿದ್ದದ್ದು ಒಂದೇ: ಮೊದಲು ಕೆಲಸ ಹಿಡಿ, ಆಧಾರ್‌ನಲ್ಲಿ ಏನಿದೆಯೋ ಅದರಲ್ಲೇ ಕಾಲ ಹಾಕು. ನಾನು ಆ ಕ್ರಮವನ್ನು ತಿರುಗಿಸಿದೆ. ಹುಟ್ಟಿದ ದಿನಾಂಕಕ್ಕೆ ಸರ್ಕಾರಿ ಕಾಗದ ಸಿಗುವವರೆಗೆ ಹೆಸರನ್ನಾಗಲಿ ಜನ್ಮದಿನಾಂಕವನ್ನಾಗಲಿ ಎಲ್ಲೂ ತಿದ್ದಿಸಲಿಲ್ಲ. ಅದಕ್ಕೆ ಸುಮಾರು ಹದಿನಾಲ್ಕು ತಿಂಗಳು ಹಿಡಿಯಿತು. ಹೆಸರು, ಆಧಾರ್, ಬ್ಯಾಂಕು ಆಮೇಲಿನ ಆರೇ ತಿಂಗಳಲ್ಲಿ ಮುಗಿದವು. ಇದೇ ದಾರಿಯಲ್ಲಿ ಇನ್ನೂ ನಾಲ್ವರ ಕಾಗದ ಮಾಡಿಸಿದ್ದೇನೆ, ಒಂದೂ ವಾಪಸ್ ಬಂದಿಲ್ಲ.

ಕಾರಣ ಸರಳ. ಶಿಬಿರ ಹಾಕಿಸಿ ಎಲ್ಲರಿಗೂ ಒಟ್ಟಿಗೆ ಮಾಡಿಸಿದ ಆಧಾರ್‌ನಲ್ಲಿ ಜನ್ಮದಿನಾಂಕ ಜನವರಿ 1 ಇರುತ್ತದೆ, ಹೆಸರು ಆಶ್ರಮದವರು ಇಟ್ಟದ್ದು, ವಿಳಾಸ ಆಶ್ರಮದ್ದು. ಆಧಾರ್‌ನಲ್ಲಿ ಜನ್ಮದಿನಾಂಕ ತಿದ್ದಲು ಒಂದೇ ಅವಕಾಶ, ಹೆಸರಿಗೆ ಎರಡು. ಅಂದಾಜಿನ ದಿನಾಂಕ ಹಾಕಿಸಿ ಆ ಒಂದು ಅವಕಾಶ ಕಳೆದುಕೊಂಡವರನ್ನು ನೋಡಿದ್ದೇನೆ. ಆಮೇಲೆ ಸರಿಯಾದ ಪ್ರಮಾಣಪತ್ರ ಸಿಕ್ಕರೂ ಆಧಾರ್‌ನ ಪ್ರಾದೇಶಿಕ ಕಚೇರಿಗೆ ಅಲೆಯುವುದು ತಪ್ಪಲಿಲ್ಲ.

ದಿನಾಂಕಕ್ಕಾಗಿ ಕಾಯದೆ ತಕ್ಷಣ ಬದಲಿಸಬೇಕಾದದ್ದು ಒಂದಿದೆ, ಆಧಾರ್‌ನ ಮೊಬೈಲ್ ಸಂಖ್ಯೆ. ನಮ್ಮಲ್ಲಿ ಬಹುತೇಕರ ಆಧಾರ್‌ಗೆ ಜೋಡಿಸಿರುವುದು ಆಶ್ರಮದ ಕಚೇರಿಯ ನಂಬರು, ಪ್ರತಿ ಓಟಿಪಿಯೂ ಅವರ ಕೈಗೆ ಹೋಗುತ್ತದೆ. ನೋಂದಣಿ ಕೇಂದ್ರಕ್ಕೆ ಹೋಗಿ ಬೆರಳು ಕೊಟ್ಟರೆ ಹಳೆಯ ನಂಬರಿನ ಹಂಗಿಲ್ಲದೆ ಹೊಸದು ಜೋಡಿಸುತ್ತಾರೆ. ನಾನು ಕೊಟ್ಟಾಗ ಶುಲ್ಕ 50 ರೂಪಾಯಿ ಇತ್ತು, ಈಗ 75. ಅದೇ ವಾರ ಇನ್ನೆರಡು ಕೆಲಸ ಮುಗಿಸಿ: ನಿಮ್ಮ ಆಧಾರ್‌ಗೆ ಯಾವ ಬ್ಯಾಂಕ್ ಖಾತೆ ಜೋಡಣೆಯಾಗಿದೆ ನೋಡಿ, ನಿಮ್ಮ ಹೆಸರಿನ ಸಾಲಗಳನ್ನು ತೋರಿಸುವ ಸಿಬಿಲ್ ವರದಿ ತೆಗೆಸಿ (ವರ್ಷಕ್ಕೊಮ್ಮೆ ಪುಕ್ಕಟೆ). ನಾನು ಕಾಗದ ಮಾಡಿಸಿದ ಒಬ್ಬರ ಹೆಸರಿನಲ್ಲಿ ಟ್ರ್ಯಾಕ್ಟರ್ ಸಾಲವಿತ್ತು. ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನ ಸಿಮ್‌ಗಳ ಪಟ್ಟಿಯೂ ಸಿಗುತ್ತದೆ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಬಹುದು.

ಇನ್ನು ದಿನಾಂಕ. ನನ್ನ ದೊಡ್ಡ ತಪ್ಪು ನಡೆದದ್ದು ಇಲ್ಲೇ. ಅಪ್ಪನ ಊರಿನ ಗ್ರಾಮ ಲೆಕ್ಕಿಗರ ಹತ್ತಿರ ಹುಡುಕಿಸಿ, 'ದಾಖಲೆ ಲಭ್ಯವಿಲ್ಲ' ಎಂಬ ಪತ್ರ ಪಡೆದು, ನೇರ ಕೋರ್ಟಿಗೆ ಹೋದೆ. ಆಗಿನ್ನೂ ಒಂದು ವರ್ಷ ಮೀರಿದ ಜನನ ನೋಂದಣಿಗೆ ಮೊದಲ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಜಿಲ್ಲಾ ಅಥವಾ ಉಪವಿಭಾಗೀಯ ಮ್ಯಾಜಿಸ್ಟ್ರೇಟರು, ಇಲ್ಲವೇ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆದೇಶ ಕೊಡುತ್ತಾರೆ. ವಕೀಲರಿಗೆ 12 ಸಾವಿರದ ಹತ್ತಿರ ಹೋಯಿತು, ಎಂಟು ತಿಂಗಳು ಕಳೆಯಿತು, ಅರ್ಜಿ ವಜಾ ಆಯಿತು. ಸಾಕ್ಷ್ಯವೆಂದು ಇದ್ದದ್ದು ನನ್ನದೇ ಅಫಿಡವಿಟ್ಟು ಮತ್ತು ಆಶ್ರಮದ ಒಂದು ಚೀಟಿ. ಎರಡರಲ್ಲಿ ಎರಡು ದಿನಾಂಕ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಆ ಪ್ರಾಧಿಕಾರದ ಕಚೇರಿ ಇರುತ್ತದೆ. 12 ಸಾವಿರ ಕೊಟ್ಟಾದ ಮೇಲೆ ನನಗದು ತಿಳಿಯಿತು.

ಜನನ ನೋಂದಣಿಯಾಗುವುದು ಹೆತ್ತವರ ಊರಿನಲ್ಲಲ್ಲ, ಹೆರಿಗೆಯಾದ ಜಾಗದಲ್ಲಿ. ತಾಯಿಯ ತವರಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆ ಯಾವುದು ಎಂದು ಮೊದಲು ಕೇಳಬೇಕು. ಎರಡನೆಯದು, ಆಶ್ರಮದ ಹೆಸರು ಹೇಳಿ ಹುಡುಕಿಸಿದರೆ ಏನೂ ಸಿಗುವುದಿಲ್ಲ. ತಾಯಿಯ ಹೆಸರು ಕೊಟ್ಟು, ಅಂದಾಜು ವರ್ಷದ ಹಿಂದೆ ಎರಡು, ಮುಂದೆ ಎರಡು, ಒಟ್ಟು ಐದು ವರ್ಷದ ರಿಜಿಸ್ಟರು ನೋಡಿಸಬೇಕು. ವರ್ಷಕ್ಕಿಷ್ಟು ಎಂದು ಹುಡುಕಾಟದ ಶುಲ್ಕ ಕಟ್ಟುತ್ತೀರಿ, ಅದು ಅಲ್ಪ. ತಾಯಿಯ ಹೆಸರಿಗೆ ಮದುವೆಗೆ ಮುಂಚಿನ ಇನಿಷಿಯಲ್, ಆಮೇಲಿನದು, ಎರಡನ್ನೂ ಬರೆದುಕೊಡಿ. ನನ್ನ ನಮೂದು ಸಿಕ್ಕಿದ್ದು ಹೀಗೆ, ನಾನು ತಿಳಿದಿದ್ದಕ್ಕಿಂತ ಹನ್ನೊಂದು ತಿಂಗಳು ಹಿಂದೆ, ನಾನು ಕೇಳಿಯೇ ಇರದ ಒಂದು ಹೆಸರಿನಲ್ಲಿ. ಕೆಲವರ ನಮೂದಿನಲ್ಲಿ 'ಹೆಣ್ಣು ಮಗು' ಎಂದಷ್ಟೇ ಇರುತ್ತದೆ, ಆಗ ಹೆಸರು ಸೇರಿಸುವ ಅರ್ಜಿ ಬೇರೆ. ರಿಜಿಸ್ಟರ್ ಕೊಠಡಿಯವರು ಸುಸ್ತಾಗದೆ ಐದು ವರ್ಷವನ್ನೂ ನೋಡುವಂತೆ ಅರ್ಜಿ ಬರೆಯುವ ರೀತಿ ಒಂದಿದೆ. ಲಂಚದ ಮಾತಲ್ಲ, ಆದರೆ ಅದನ್ನು ಎದುರಿಗೆ ಕೂತವರಿಗೆ ಮಾತ್ರ ಹೇಳುತ್ತೇನೆ.

ದಾಖಲೆ ನಿಜವಾಗಿಯೂ ಇಲ್ಲದಿದ್ದರೆ ಅರ್ಜಿ ಹಾಕುವ ಮುಂಚೆ ಹಳೆಯ ಪಡಿತರ ಚೀಟಿ, ಅಂಗನವಾಡಿ ರಿಜಿಸ್ಟರು, ಒಡಹುಟ್ಟಿದವರ ಜನನ ಪತ್ರ, ಹೆರಿಗೆಯ ಹೊತ್ತಿಗೆ ಮನೆಯಲ್ಲಿದ್ದ ಸಂಬಂಧಿಕರ ಅಫಿಡವಿಟ್ಟು ಕೂಡಿಸಿಕೊಳ್ಳಿ. ಇವುಗಳಲ್ಲಿ ಮೂರಾದರೂ ಒಂದೇ ವರ್ಷ ಹೇಳಬೇಕು.

ಪ್ರಮಾಣಪತ್ರ ಬಂದ ಮೇಲೆ ಹೆಸರು. ಆಧಾರ್‌ನಲ್ಲಿ ಪೂರ್ತಿ ಹೆಸರು ಬದಲಿಸಲು ರಾಜ್ಯಪತ್ರದ (ಸರ್ಕಾರಿ ಗೆಜೆಟ್) ಪ್ರಕಟಣೆ ಕೇಳುತ್ತಾರೆ. ಅಫಿಡವಿಟ್ಟು, ಎರಡು ಪತ್ರಿಕೆಗಳಲ್ಲಿ ಜಾಹೀರಾತು, ರಾಜ್ಯಪತ್ರ ಎಲ್ಲ ಸೇರಿ ನನಗೆ 5 ಸಾವಿರದೊಳಗೆ ಆಯಿತು. ಏಜೆಂಟ್ ಒಬ್ಬ 25 ಸಾವಿರ ಕೇಳಿದ್ದ. ಅಕ್ಷರ ಒಂದೇ ಇರಲಿ: ಇಂಗ್ಲಿಷಿನಲ್ಲಿ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಪ್ರತಿ ಅರ್ಜಿಗೂ ಅದನ್ನೇ ನೋಡಿ ತುಂಬಿ. ವಿಳಾಸಕ್ಕೆ ಬಾಡಿಗೆ ಕರಾರು ಇಲ್ಲದವರು ನಿಗದಿತ ನಮೂನೆಯಲ್ಲಿ ಗೆಜೆಟೆಡ್ ಅಧಿಕಾರಿ ಅಥವಾ ಶಾಸಕರಿಂದ ಫೋಟೊ ಅಂಟಿಸಿದ ಪತ್ರ ತರಬಹುದು. ಅದರ ಆಯಸ್ಸು ಮೂರೇ ತಿಂಗಳು.

ಈ ನಡುವೆ ಸಂಬಳ ಎಲ್ಲಿ ಹಾಕಿಸಿಕೊಳ್ಳುವುದು? ಕೈಯಲ್ಲಿ ಕಾಗದವಿಲ್ಲದವರಿಗೆ ಬ್ಯಾಂಕುಗಳಲ್ಲಿ 'ಸಣ್ಣ ಖಾತೆ' ಎಂಬುದಿದೆ. ಫೋಟೊ, ಸಿಬ್ಬಂದಿಯೆದುರು ಸಹಿ, ಅಷ್ಟೇ. ಖಾತೆಯಲ್ಲಿ ಯಾವ ಹೊತ್ತಿಗೂ 50 ಸಾವಿರಕ್ಕಿಂತ ಹೆಚ್ಚು ಇರುವಂತಿಲ್ಲ, ತಿಂಗಳಿಗೆ 10 ಸಾವಿರದವರೆಗೆ ತೆಗೆಯಬಹುದು, ವರ್ಷದ ಒಟ್ಟು ಜಮೆ ಒಂದು ಲಕ್ಷ ಮೀರಬಾರದು. ಹನ್ನೆರಡು ತಿಂಗಳು ನಡೆಯುತ್ತದೆ, ಗುರುತಿನ ಚೀಟಿಗೆ ಅರ್ಜಿ ಹಾಕಿದ್ದು ತೋರಿಸಿದರೆ ಇನ್ನೂ ಹನ್ನೆರಡು. ಶಾಖೆಯಲ್ಲಿ ಮೊದಲು 'ಅಂಥದ್ದಿಲ್ಲ' ಎನ್ನುತ್ತಾರೆ. ಮೂರನೆಯ ಶಾಖೆಯಲ್ಲಿ ನನಗೆ ಸಿಕ್ಕಿತು.

ಕೆಲಸದ ವಿಷಯದಲ್ಲಿ ಒಂದು ಪ್ರಯೋಗ ಚೆನ್ನಾಗಿ ಫಲಿಸಿತು. ಬೆಳಗಿನ 3.30ಕ್ಕೆ ಏಳುವ ಅಭ್ಯಾಸ ಬಿಡಲು ಎರಡು ತಿಂಗಳು ಹೆಣಗಿ, ಆ ಪ್ರಯತ್ನ ಕೈಬಿಟ್ಟು, ಆ ಅಭ್ಯಾಸವನ್ನೇ ದುಡಿಮೆಗೆ ಹಚ್ಚಿದೆ. ಮೆಸ್‌ಗಳಿಗೆ ನಾಲ್ಕರಿಂದ ಒಂಬತ್ತರ ಪಾಳಿಗೆ ಜನ ಸಿಗುವುದಿಲ್ಲ. ತಲೆಗೆ 100 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ ಲೆಕ್ಕದಲ್ಲಿ ಮುನ್ನೂರು ಜನರ ಅಡುಗೆ ನಮಗೆ ಕಣ್ಣಳತೆಯಲ್ಲೇ ಬರುತ್ತದೆ. ಒಳಗೆ 'ಸೇವೆ' ಎನಿಸಿಕೊಂಡದ್ದಕ್ಕೆ ಹೊರಗೆ ಕೂಲಿ ಇದೆ, ಮೊದಲ ದಿನವೇ ಕೇಳಿ.

ಹತ್ತನೆಯ ತರಗತಿಗೆ ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹಿಡಿದೆ. ಶಾಲೆಗೆ ಹೋದ ದಾಖಲೆ ಬೇಡ, ಓದು ಬರಹ ಬರುತ್ತದೆ ಎಂಬ ಸ್ವಯಂ ಘೋಷಣೆ ಸಾಕು. ಐದು ವಿಷಯ, ಶೇ. 33 ಅಂಕ, ಐದು ವರ್ಷದಲ್ಲಿ ಒಂಬತ್ತು ಅವಕಾಶ, ಪಾಸಾದ ವಿಷಯ ಉಳಿದುಕೊಳ್ಳುತ್ತದೆ. ಪ್ರವೇಶ, ಪರೀಕ್ಷೆ ಸೇರಿ 3 ಸಾವಿರದ ಆಸುಪಾಸು. ಸಂಸ್ಕೃತ ಸುಲಭವೆಂದು ತೆಗೆದುಕೊಂಡು ಫೇಲಾದೆ. ಸ್ತೋತ್ರ ಗಂಟೆಗಟ್ಟಲೆ ಬಾಯಿಗೆ ಬರುತ್ತಿತ್ತು, ವಿಭಕ್ತಿ ಬರೆಯಲು ಬರಲಿಲ್ಲ. ನಿಮ್ಮಲ್ಲಿ ಹಲವರಿಗೆ ಇದೇ ಆಗುತ್ತದೆ. ಅದರ ಬದಲು ಇಂಗ್ಲಿಷ್ ತೆಗೆದುಕೊಂಡೆ. ಜೊತೆಗೆ ಕನ್ನಡ, ಗೃಹ ವಿಜ್ಞಾನ, ಭಾರತೀಯ ಸಂಸ್ಕೃತಿ ಮತ್ತು ಪರಂಪರೆ, ಡೇಟಾ ಎಂಟ್ರಿ. ಮನೆಯಲ್ಲಿ ಬರೆದು ಕೊಡುವ ಅಸೈನ್‌ಮೆಂಟಿಗೆ ಶೇ. 20 ಅಂಕ ಇದೆ, ಅದನ್ನು ತಡಮಾಡಬೇಡಿ.

ಚುಚ್ಚುಮದ್ದು ಬಹಳ ಜನ ಮರೆಯುವ ವಿಷಯ. ಒಳಗೆ ಹಾಕಿಸದವರು ಸರ್ಕಾರಿ ಆಸ್ಪತ್ರೆಯಲ್ಲಿ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ ಲಸಿಕೆ) ಕೇಳಿ, ನಾಲ್ಕು ವಾರ ಬಿಟ್ಟು ಎರಡನೆಯದು, ಅದಾದ ಆರರಿಂದ ಹನ್ನೆರಡು ತಿಂಗಳಿಗೆ ಮೂರನೆಯದು. ಹೆಪಟೈಟಿಸ್ ಬಿ ಮೂರು: ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆ ಹಾಕಿಸಿಕೊಂಡ ಹೆಣ್ಣುಮಕ್ಕಳು ಮುಂದಿನ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ರಾತ್ರಿ ಮನಸ್ಸು ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ, 14416, ಕನ್ನಡದಲ್ಲೇ ಮಾತಾಡುತ್ತಾರೆ. ಆಶ್ರಮದ ಹೆಸರು ಹೇಳಲೇಬೇಕೆಂದಿಲ್ಲ, ನಾನು ಹೇಳಲಿಲ್ಲ.