ಹಿಮ ಬಿದ್ದು ದಾರಿ ಮುಚ್ಚಿತೇ? ಮನೆಯಲ್ಲೇ ದಿನ ಕಳೆಯುವುದು ಹೀಗೆ

ರಾತ್ರಿಯಿಡೀ ಹಿಮ ಸುರಿದಿದೆ. ಬೆಳಿಗ್ಗೆ ಕಾರು ಸ್ಟಾರ್ಟ್ ಆಗುತ್ತಿಲ್ಲ. ಬಸ್ಸೂ ಇಲ್ಲ. ಮಾತ್ರೆ ಇನ್ನು ಎರಡು ದಿನಕ್ಕೆ ಸಾಕು, ಅಷ್ಟೇ. ಇಂಥ ಹೊತ್ತಿನಲ್ಲಿ ನಮ್ಮಲ್ಲಿ ತುಂಬಾ ಜನ ‘ನಾಳೆ ಸರಿ ಹೋಗಬಹುದು, ಸುಮ್ನೆ ಇನ್ನೊಬ್ಬರಿಗೆ ಯಾಕೆ ತೊಂದರೆ’ ಅಂದುಕೊಂಡು ಕಾಯುತ್ತೇವೆ. ದಯವಿಟ್ಟು ಹಾಗೆ ಕಾಯಬೇಡಿ. ಹೊರಗೆ ಬೆಳಕಿರುವಾಗ, ಫೋನಿನಲ್ಲಿ ಚಾರ್ಜ್ ಇರುವಾಗ ಕೇಳಿದ ಸಹಾಯ ಸುಲಭವಾಗಿ ಸಿಗುತ್ತದೆ. ರಾತ್ರಿ ಹತ್ತಕ್ಕೆ ಕೇಳಿದರೆ ಬರುವವರಿಗೂ ಅಪಾಯ.

ಮೊದಲು ಲೆಕ್ಕ ಹಾಕಿ

ಒಂದು ಕಾಗದ ತಗೊಳ್ಳಿ. ಔಷಧಿ ಎಷ್ಟು ದಿನಕ್ಕಿದೆ, ಊಟಕ್ಕೆ ಏನಿದೆ, ಮನೆ ಬೆಚ್ಚಗಿಡುವ ಇಂಧನ ಎಷ್ಟಿದೆ ಎಂದು ಬರೆಯಿರಿ. ಕುಡಿಯಲು, ಅಡುಗೆಗೆ, ಕೈತೊಳೆಯಲು ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರು ಬೇಕು. ನಲ್ಲಿಯಲ್ಲಿ ನೀರು ಬರುತ್ತಿರುವಾಗಲೇ ಪಾತ್ರೆ, ಬಾಟಲಿಗಳನ್ನು ತುಂಬಿಸಿಡಿ.

ಆಮೇಲೆ ಫೋನ್ ಮಾಡಿ

ಕೇಳುವ ರೀತಿ ಮುಖ್ಯ. ‘ಸ್ವಲ್ಪ ಕಷ್ಟವಾಗಿದೆ’ ಎಂದರೆ ಎದುರಿನವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಬಿ.ಪಿ. ಮಾತ್ರೆ ಶುಕ್ರವಾರ ಮುಗಿಯುತ್ತದೆ. ನೀವು ಔಷಧಿ ಅಂಗಡಿ ಕಡೆ ಹೋದರೆ ತಂದುಕೊಡ್ತೀರಾ? ದುಡ್ಡು ಈಗಲೇ ಕಳಿಸುತ್ತೇನೆ’ ಎಂದರೆ ಕೆಲಸ ಅರ್ಧ ಆದಂತೆ. ಔಷಧಿ ಅಂಗಡಿಗೂ ಫೋನ್ ಮಾಡಿ, ಮನೆಗೆ ತಲುಪಿಸುತ್ತಾರಾ ಎಂದು ಕೇಳಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಆಕ್ಸಿಜನ್ ಯಂತ್ರದ ಮೇಲೆ ಇರುವವರು ಒಂದು ಗಂಟೆಯನ್ನೂ ಕಳೆಯದೆ ತಮ್ಮ ಆಸ್ಪತ್ರೆಗೆ ತಿಳಿಸಬೇಕು.

ಒಬ್ಬರೇ ಇದ್ದೀರಾ? ಹತ್ತಿರದವರೊಬ್ಬರ ಜೊತೆ ಮಾತಾಡಿಕೊಳ್ಳಿ: ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫೋನ್. ಹೊತ್ತಿಗೆ ಸರಿಯಾಗಿ ಫೋನ್ ಬರದಿದ್ದರೆ ಅವರು ಯಾರನ್ನಾದರೂ ಕಳಿಸಬೇಕು. ಎರಡು ದಿನ ಯಾರ ದನಿಯೂ ಕೇಳದಿದ್ದರೆ ಮನಸ್ಸು ಕುಗ್ಗುತ್ತದೆ, ಅದಕ್ಕೂ ಈ ಎರಡು ಫೋನ್ ಔಷಧಿ.

ಒಂದೇ ಕೋಣೆ ಸಾಕು

ಇಡೀ ಮನೆ ಬೆಚ್ಚಗಿಡಲು ಹೋಗಬೇಡಿ. ಬಿಸಿಲು ಬೀಳುವ ಸಣ್ಣ ಕೋಣೆ ಆರಿಸಿಕೊಳ್ಳಿ. ಟವೆಲನ್ನು ಸುರುಳಿ ಸುತ್ತಿ ಬಾಗಿಲ ಕೆಳಗಿನ ಸಂದಿಗೆ ಒತ್ತಿಡಿ. ಹಗಲು ಪರದೆ ತೆಗೆಯಿರಿ, ಬಿಸಿಲು ಇಳಿಯುತ್ತಲೇ ಎಳೆಯಿರಿ. ಒಂದು ದಪ್ಪ ಬಟ್ಟೆಗಿಂತ ಸಡಿಲವಾದ ಮೂರು ತೆಳು ಬಟ್ಟೆ ಹೆಚ್ಚು ಬೆಚ್ಚಗಿಡುತ್ತವೆ. ಪದರಗಳ ನಡುವೆ ಸಿಕ್ಕಿದ ಗಾಳಿಯೇ ಚಳಿ ತಡೆಯುವುದು. ಕೋಣೆಯ ಉಷ್ಣತೆ 18 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ, ವಯಸ್ಸಾದವರೂ ಮಕ್ಕಳೂ ಇದ್ದರಂತೂ ಖಂಡಿತ.

ಒಂದು ಮಾತನ್ನು ಒತ್ತಿ ಹೇಳಬೇಕು. ಚಳಿ ತಡೆಯಲಾಗದೆ ಇದ್ದಿಲ ಒಲೆಯನ್ನು ಒಳಗೆ ತರಬೇಡಿ, ಅಡುಗೆಯ ಗ್ಯಾಸ್ ಒಲೆ ಹಚ್ಚಿಟ್ಟು ಕೂರಬೇಡಿ. ಅವುಗಳಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಜನರೇಟರ್ ಇದ್ದರೆ ಅದು ಹೊರಗೆ, ಕಿಟಕಿ ಬಾಗಿಲಿನಿಂದ ಕನಿಷ್ಠ 6 ಮೀಟರ್ ದೂರದಲ್ಲಿರಲಿ. ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿದರೆ ತಕ್ಷಣ ಎಲ್ಲರೂ ಹೊರಗಿನ ಗಾಳಿಗೆ ಬನ್ನಿ.

ನೀರು ನಿಂತರೆ

ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡ ಹಿಗ್ಗುತ್ತದೆ, ಪೈಪ್ ಒಡೆಯುವುದು ಅದಕ್ಕೇ. ರಾತ್ರಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ. ನೀರೇ ನಿಂತರೆ ಹಿಮ ಕರಗಿಸಬಹುದು. ಪಾತ್ರೆಯ ತಳಕ್ಕೆ ಸ್ವಲ್ಪ ನೀರು ಹಾಕಿ, ಆಮೇಲೆ ಹಿಮ ತುಂಬಿ ಸಣ್ಣ ಉರಿಯಲ್ಲಿಡಿ. ತಳದಲ್ಲಿ ನೀರಿಲ್ಲದಿದ್ದರೆ ಪಾತ್ರೆ ಸೀಯುತ್ತದೆ. ಮೇಲಿನವರೆಗೆ ತುಂಬಿದ ಹಿಮ ನೋಡನೋಡುತ್ತಲೇ ಕುಸಿದು ತಳಕ್ಕೆ ಇಳಿಯುತ್ತದೆ. ಹೊಸ ಹಿಮ ಹತ್ತು ಪಾತ್ರೆ ಕರಗಿಸಿದರೆ ಸಿಗುವುದು ಸುಮಾರು ಒಂದು ಪಾತ್ರೆ ನೀರು. ಅದನ್ನು ಕುದಿಸಿಯೇ ಕುಡಿಯಿರಿ. ಬಾಯಾರಿಕೆಗೆ ಹಿಮವನ್ನೇ ತಿನ್ನಬೇಡಿ, ಮೈಯ ಬಿಸಿ ಕರಗುತ್ತದೆ.

ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯಬೇಡಿ. ಮುಚ್ಚಿಟ್ಟರೆ ಸುಮಾರು 4 ಗಂಟೆ ತಂಪು ಉಳಿಯುತ್ತದೆ.

ಹೊರಗೆ ಹೋಗಲೇಬೇಕಾದರೆ

ಸಾಧ್ಯವಾದಷ್ಟು ಹೋಗಬೇಡಿ. ಹೋಗುವುದಾದರೆ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಎಂದು ಹೇಳಿ ಹೋಗಿ. ಫೋನನ್ನು ಒಳಗಿನ ಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಚಳಿಗೆ ಅದರ ಬ್ಯಾಟರಿ ಬೇಗ ಇಳಿಯುತ್ತದೆ. ಕಾರಿನ ಸುತ್ತ ಹಿಮ ತೆಗೆಯುವಾಗ ಸ್ವಲ್ಪ ಸ್ವಲ್ಪವೇ ಎತ್ತಿ. ಹೃದಯದ ತೊಂದರೆ ಇರುವವರು ಸಲಿಕೆ ಮುಟ್ಟಲೇಬಾರದು. ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ ಹೊಗೆ ಕೊಳವೆಗೆ ಅಂಟಿದ ಹಿಮ ತೆಗೆಯಿರಿ, ಇಲ್ಲದಿದ್ದರೆ ಅದೇ ವಿಷಾನಿಲ ಕಾರಿನೊಳಗೆ ಬರುತ್ತದೆ.

ಯಾರಾದರೂ ಬಿಡದೆ ನಡುಗುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಏನೋ ಗೊಂದಲದಲ್ಲಿದ್ದಂತೆ ಕಂಡರೆ ಮೈ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದಿರಬಹುದು. ನಡುಕ ನಿಂತರೆ ಸುಧಾರಿಸಿತು ಎಂದುಕೊಳ್ಳಬೇಡಿ, ಅದು ಇನ್ನೂ ಕೆಟ್ಟ ಲಕ್ಷಣ. ತುರ್ತು ಸಹಾಯಕ್ಕೆ ಫೋನ್ ಮಾಡಿ. ಒದ್ದೆ ಬಟ್ಟೆ ತೆಗೆದು, ಎದೆ, ಕುತ್ತಿಗೆಯನ್ನು ಮೊದಲು ಬೆಚ್ಚಗೆ ಮಾಡಿ. ಕೈಕಾಲು ತಿಕ್ಕಬೇಡಿ, ಮದ್ಯ ಕೊಡಬೇಡಿ.

ದಾರಿ ತೆರೆದ ದಿನ ಮೊದಲ ಓಡಾಟ ಔಷಧಿ ಅಂಗಡಿಗೆ ಇರಲಿ. ಹೋಗುವ ಮುನ್ನ ಪಕ್ಕದ ಮನೆಯ ಬಾಗಿಲು ತಟ್ಟಿ, ಅವರಿಗೂ ಏನಾದರೂ ತರಬೇಕಾ ಕೇಳಿ.