‘ನಾಳೆ ಮಧ್ಯಾಹ್ನ’ ಅಂದ್ರ ಯಾವ ನಾಳೆ?

ಗುಳೇದಗುಡ್ಡದಲ್ಲಿ ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಸಭೆ. ಅದರ ವಾಟ್ಸ್‌ಆ್ಯಪ್ ಗ್ರೂಪಿಗೆ ನಾನೇ ಅಡ್ಮಿನ್. ಹಗಲೆಲ್ಲ ರವಿಕೆ ಖಣದ ಲೆಕ್ಕ ಬರೆಯುತ್ತ ಕೂತಿರುತ್ತೇನೆ, ಮೊಬೈಲ್ ಪಕ್ಕದಲ್ಲೇ ಇರುತ್ತದೆ. ಅದನ್ನು ನೋಡಿಯೇ ಸಭಾಪಾಲಕರು ಈ ಕೆಲಸ ನನಗೆ ಹಚ್ಚಿದ್ದು.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಮೆಸೇಜ್ ಬಂತು: ಅಫ್ಘಾನಿಸ್ತಾನದಲ್ಲಿ 22 ಮಿಷನರಿಗಳಿಗೆ ಮರಣದಂಡನೆಯಾಗಿದೆ, ನಾಳೆ ಮಧ್ಯಾಹ್ನ ಕೊಲ್ಲುತ್ತಾರೆ, ಪ್ರಾರ್ಥಿಸಿ, ಎಲ್ಲರಿಗೂ ಕಳಿಸಿ. ಎದೆ ಝಲ್ಲೆಂದಿತು. ಗ್ರೂಪಿಗೆ ಹಾಕಿದೆ, ಸ್ಟೇಟಸ್‌ಗೂ ಹಾಕಿದೆ. ಮನೆಮಂದಿಯೆಲ್ಲ ಮೊಣಕಾಲೂರಿ ಪ್ರಾರ್ಥನೆ ಮಾಡಿದೆವು.

ಮರುದಿನ ಚಹಾದಂಗಡಿಯಲ್ಲಿ ಗೆಳೆಯ ಸಿಕ್ಕ. ಮುಸಲ್ಮಾನ ಹುಡುಗ, ನಮ್ಮ ನೂಲಿಗೆ ಬಣ್ಣ ಹಾಕುವುದು ಅವರ ಮನೆಯವರೇ. ಕಪ್ಪು ಕೆಳಗಿಟ್ಟು ಮೆಲ್ಲಗೆ ಕೇಳಿದ, “ಅಣ್ಣಾ, ನಿನ್ ಸ್ಟೇಟಸ್ ನೋಡಿದ್ನಿ. ನಾಳೆ ಮಧ್ಯಾಹ್ನ ಅಂದ್ರ ಯಾವ ನಾಳೆ?”

ಉತ್ತರ ಇರಲಿಲ್ಲ. ಮೆಸೇಜಿಗೆ ತಾರೀಖೇ ಇರಲಿಲ್ಲ.

ಅವತ್ತು ಕೂತು ಹುಡುಕಿದೆ. ಅದು ವರ್ಷಗಟ್ಟಲೆ ಅದೇ ‘ನಾಳೆ’ ಹೊತ್ತು ಊರೂರು ತಿರುಗುತ್ತಿದ್ದ ಸುಳ್ಳು. 2007ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಚರ್ಚಿನ 23 ಮಂದಿಯನ್ನು ತಾಲಿಬಾನಿಗಳು ಅಪಹರಿಸಿದ್ದು ನಿಜ. ಇಬ್ಬರನ್ನು ಕೊಂದರು, ಉಳಿದವರು ಆಗಸ್ಟ್ ಮುಗಿಯುವುದರೊಳಗೆ ಬಿಡುಗಡೆಯಾದರು. ಆದರೆ ನಾನು ಹಂಚಿದ ಆ 22 ಮಂದಿ ಎಲ್ಲೂ ಇರಲಿಲ್ಲ.

ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಸಂಡೇ ಸ್ಕೂಲಿನಿಂದಲೂ ಬಾಯಿಪಾಠ. ಅದು ಕೋರ್ಟಿನ ಕಟಕಟೆಗೆ ಹತ್ತಿದವರಿಗೆ ಅಂದುಕೊಂಡಿದ್ದೆ! ಗ್ರೂಪಿನಲ್ಲಿ ಬರೆದೆ: “ನಾನು ಹಾಕಿದ್ದು ಸುಳ್ಳು ಸುದ್ದಿ. ಕ್ಷಮಿಸಿ.” ಒಬ್ಬ ಹಿರಿಯರು ಫೋನ್ ಮಾಡಿ, “ಪ್ರಾರ್ಥನಾ ಮಾಡಿದ್ರ ಲುಕ್ಸಾನ ಏನಪಾ?” ಅಂದರು. ಲುಕ್ಸಾನ ಆಗಿದ್ದು ಚಹಾದಂಗಡಿಯಲ್ಲಿ. ಅದನ್ನು ಅವರಿಗೆ ಹೇಗೆ ತೋರಿಸುವುದೋ ತಿಳಿಯಲಿಲ್ಲ.

ಈಗ ಜೋಡಿ ಬಾಣದ ಗುರುತಿರುವ ಮೆಸೇಜ್ ಬಂದರೆ ಬೆರಳು ತಡೆಯುತ್ತೇನೆ. ಬಹಳ ಸಲ ಫಾರ್ವರ್ಡ್ ಆಗಿದ್ದನ್ನು ಒಂದು ಸಲಕ್ಕೆ ಒಬ್ಬರಿಗೋ ಒಂದು ಗ್ರೂಪಿಗೋ ಮಾತ್ರ ಕಳಿಸುವಂತೆ 2020ರಿಂದ ವಾಟ್ಸ್‌ಆ್ಯಪೇ ಕಟ್ಟು ಹಾಕಿದೆ. ತಾರೀಖು, ಊರು, ಹೇಳಿದವರು ಯಾರು ಅನ್ನುವುದು ಸಿಗದಿದ್ದರೆ ಆ ಒಂದೂ ಬೇಡ ಅನ್ನುವುದು ನನ್ನ ಕಟ್ಟು.

ಪ್ರಾರ್ಥನೆಯ ಕೋರಿಕೆಯಲ್ಲೂ ಪೆಟ್ಟು ತಿಂದೆ. ಒಬ್ಬ ಅಕ್ಕನವರ ಆಪರೇಷನ್ ಯಾವುದೆಂದು ಹೆಸರು ಸಮೇತ ಹಾಕಿಬಿಟ್ಟೆ. ಸಂಜೆಯೊಳಗೆ ಮುಂಬೈಯಲ್ಲಿರುವ ಅವರ ಬೀಗರಿಗೂ ಗೊತ್ತಾಗಿತ್ತು. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅವರು ನನ್ನ ಕಡೆ ನೋಡದೆ ಚಪ್ಪಲಿ ಮೆಟ್ಟಿ ಹೋದರು. ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಈಗ ಮೊದಲು ಕೇಳಿಯೇ ಹಾಕುವುದು, ಅದೂ “ಒಬ್ಬ ಸಹೋದರಿಗಾಗಿ” ಅಂತ ಅಷ್ಟೇ. ದೇವರಿಗೆ ರಿಪೋರ್ಟ್ ಕಳಿಸಬೇಕಿಲ್ಲವಲ್ಲ.

ಕ್ರಿಸ್ಮಸ್ಸಿಗೆ ಕಂಬಳಿ ಹಂಚುವಾಗ ತೆಗೆದುಕೊಂಡವರ ಫೋಟೊ ಹಾಕುವುದನ್ನೂ ಬಿಟ್ಟೆವು. ಮೊಬೈಲ್ ಮೇಲೆತ್ತಿದ ಕೂಡಲೇ ಒಬ್ಬ ಅಜ್ಜಿ ಸೆರಗನ್ನು ಮೂಗಿನ ತನಕ ಎಳೆದುಕೊಂಡಳು. ದಾನಿಗಳಿಗೆ ಬಿಲ್ಲಿನ ಫೋಟೊ ಸಾಕು.

ಹೋದ ತಿಂಗಳು ಆ 22 ಮಂದಿ ಗ್ರೂಪಿಗೆ ಮತ್ತೆ ಬಂದರು, ಅದೇ ‘ನಾಳೆ ಮಧ್ಯಾಹ್ನ’. ಕಳಿಸಿದವರು ಅದೇ ಹಿರಿಯರು. ನಾನು ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಸಹೋದರನ ತಪ್ಪನ್ನು ಅವನೊಬ್ಬನೇ ಇರುವಾಗ ತಿಳಿಸಬೇಕೆಂದು ಮತ್ತಾಯ 18ರಲ್ಲಿ ಇದೆಯಲ್ಲ, ಸಂಜೆ ಅವರ ಮನೆಗೇ ಹೋದೆ. ಚಹಾ ಕುಡಿಸಿ, ಎಲ್ಲ ಕೇಳಿ, “ಹೌದಾ? ಮೊದಲ ಹೇಳಬಾರದಾ?” ಅನ್ನುತ್ತ ಕನ್ನಡಕ ಹಾಕಿಕೊಂಡು ಡಿಲೀಟ್ ಮಾಡಿದರು. ಬಗ್ಗಿ ನೋಡಿದರೆ ಅವರ ಫೋನಿನಿಂದಷ್ಟೇ ಹೋಗಿತ್ತು. ಅವರ ಒಪ್ಪಿಗೆ ಕೇಳಿ, ಅಡ್ಮಿನ್ ಆಗಿ ನಾನೇ ಎಲ್ಲರ ಫೋನಿನಿಂದಲೂ ಅಳಿಸಿದೆ.